ಎರೆಯ ಸೀಮೆಯ ಭೂತಬೇಟೆ

ಗದಗದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯಲ್ಲಿ ಕೋಟುಮಚಗಿಯನ್ನು ದಾಟಿದ ಬಳಿಕ ಪ್ರವಾಸಿಯ ಕಣ್ಣಿಗೆ ಮುಖ್ಯವಾಗಿ ಬೀಳುವುವು ಎರಡೇ: ಕೆಳಗೆ ಕರಿಯ ಎರೆಮಣ್ಣು, ಮೇಲೆ ತೆರವಾದ ಆಕಾಶ. ನೋಟವನ್ನು ತಡೆಯುವ ದಟ್ಟಡವಿ ಇಲ್ಲಿಲ್ಲ. ಹಿಂಗಾರಿಯ ಕಾಲಕ್ಕೆ ಬಂದವರಿಗೆ ಜೋಳ, ಕಡಲೆ, ಗೋದಿ, ಕುಸುಬೆಗಳ ಹೊಲಗಳು ದಿಗಂತದ ವರೆಗೆ ಹಾಸಿಕೊಂಡಿರುವುದು ಕಾಣುವುದು. ಬೇಸಗೆಯಲ್ಲಿ ಬಂದವರಿಗಾದರೋ ಬಾಯ್ದೆರೆದ ನೆಲವೂ ಬದುವಿನ ಮೇಲಿನ ಒಂದೆರಡು ಜಾಲಿಯ ಗಿಡಗಳೂ ಮಾತ್ರ ಕಾಣುವುವು. ಈಚಿನ ವರ್ಷಗಳಲ್ಲಿ ಈ ಬಯಲಿಗೆ ಗಾಳಿಯಂತ್ರಗಳು ಬಂದು ನಿಂತಿವೆ. ಅವುಗಳ ಬಿಳಿಯ ರೆಕ್ಕೆಗಳು ಹಗಲಿರುಳೂ ತಿರುಗುತ್ತ, ಈ ಸೀಮೆಯ ಗಾಳಿಗೂ ಒಂದು ಬೆಲೆಯುಂಟೆಂಬುದನ್ನು ಸಾರುತ್ತಿರುವುವು. ಇಂಥ ಬಯಲಿನ ನಡುವೆ ಇರುವ ಊರೇ ನರೇಗಲ್.

ನರೇಗಲ್ ಇಂದು ಪಟ್ಟಣ ಪಂಚಾಯತಿಯುಳ್ಳ ಊರು. ಸುತ್ತಲಿನ ಹಳ್ಳಿಗಳ ಒಕ್ಕಲುಮಕ್ಕಳಿಗೆ ಸಂತೆಗೂ ಶಾಲೆಗೂ ಇದೇ ನೆಲೆ. ಅನ್ನದಾನೇಶ್ವರರ ಮಠದಿಂದ ಪ್ರಸಿದ್ಧವಾದ ಹಾಲಕೆರೆಯು ಇದರ ಸಮೀಪದಲ್ಲಿಯೇ ಇದೆ. ಊರಿನ ಹಳಮೆಯ ವಿಷಯಕ್ಕೆ ಮುಂದೆ ಬರುವೆನು. ಮೊದಲು ಇಲ್ಲಿ ನಾನು ಕಂಡ ಒಂದು ಹೊಸ ಬೇಟೆಯ ಸಂಗತಿಯನ್ನು ವಾಚಕರಿಗೆ ತಿಳಿಸಬೇಕಾಗಿದೆ. ಈ ಬೇಟೆಗೆ ಬಲೆ ಬೇಡ, ನಾಯಿ ಬೇಡ, ಕೋವಿಯೂ ಬೇಡ. ಅಂಗೈಯಗಲದ ಮೊಬೈಲ್ ಯಂತ್ರವೊಂದಿದ್ದರೆ ಸಾಕು.

ನಾನು ಇಳಿದುಕೊಂಡಿದ್ದ ಮನೆಯ ಕಿರಿಯ ಮಗನು ಹತ್ತನೆಯ ತರಗತಿಯ ವಿದ್ಯಾರ್ಥಿ. ಸಂಜೆಯಾಗುತ್ತಲೇ ಆತನು ಮೊಬೈಲನ್ನು ಹಿಡಿದು ಬೀದಿಬೀದಿ ತಿರುಗುವುದು ವಾಡಿಕೆಯೆಂದು ತಿಳಿಯಿತು. “ಹೊಲಕ್ಕ ಹೋಗಂದ್ರ ಕಾಲ ನೋಯ್ತಾವು, ಇದರ ಬೆನ್ನ ಹತ್ತಿ ನಾಕ ಮೈಲ ಅಡ್ಡಾಡತಾನ,” ಎಂದು ತಂದೆಯವರು ನಗುತ್ತಲೇ ದೂರಿದರು. ಹುಡುಗನು ನನ್ನ ಮುಂದೆ ಯಂತ್ರವನ್ನು ಹಿಡಿದನು. ತೆರೆಯ ಮೇಲೆ ಅವರ ಮನೆಯ ಅಂಗಳವೇ ಕಾಣುತ್ತಿತ್ತು. ಆ ಅಂಗಳದ ನಡುವೆ ವಿಚಿತ್ರಾಕೃತಿಯ ಪ್ರಾಣಿಯೊಂದು ಕುಣಿಯುತ್ತಿತ್ತು. ಹುಡುಗನು ಬೆರಳಿನಿಂದ ಕೆಂಪು-ಬಿಳುಪಿನ ಚೆಂಡೊಂದನ್ನು ಅದರ ಕಡೆಗೆ ಚಿಮ್ಮಿದನು. ಪ್ರಾಣಿಯು ಚೆಂಡಿನೊಳಗೆ ಅಡಗಿತು. ಚೆಂಡು ಒಮ್ಮೆ ಅಲುಗಿತು, ಎರಡನೆಯ ಸಲ ಅಲುಗಿತು, ಒಡನೆಯೇ ಬಿರಿಯಿತು. “ಸಿಕ್ಕಿತ್ರಿ ಕಾಕಾ, ಸಿಕ್ಕೇಬಿಟ್ಟಿತ್ತು... ಮತ್ತ ಹೊರಗ ಬಂತು ನೋಡ್ರಿ!” ಎಂದು ಆತನು ನಿಟ್ಟುಸಿರುಬಿಟ್ಟನು. ಮೂಲೆಯಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದ ಅಜ್ಜಿಯು ತಲೆಯೆತ್ತದೆಯೇ, “ಅಲ್ಲೋ ಯಪ್ಪಾ, ಹಿಡದ ಮ್ಯಾಲ ಅದನ್ನೇನ ಮಾಡ್ತೀ?” ಎಂದು ಕೇಳಿದಳು. ಹುಡುಗನು ಸ್ವಲ್ಪ ಯೋಚಿಸಿ, “ಪಟ್ಟಿಯೊಳಗ ಸೇರತೈತಿ, ಯಮ್ಮಾ,” ಎಂದನು.

ಅಜ್ಜಿಯ ಪ್ರಶ್ನೆಯೂ ಮೊಮ್ಮಗನ ಉತ್ತರವೂ ವಿಚಾರಯೋಗ್ಯವಾದುವು. ಅವುಗಳನ್ನು ತೂಗಿ ನೋಡುವ ಮೊದಲು ಈ ಆಟವು ಎಂಥದೆಂಬುದನ್ನು ಅರಿತುಕೊಳ್ಳುವುದು ಒಳ್ಳೆಯದು.

ಇದರ ಹೆಸರು ಪೋಕೆಮಾನ್. ‘ಪಾಕೆಟ್ ಮಾನ್‌ಸ್ಟರ್’ ಎಂಬ ಎರಡು ಶಬ್ದಗಳನ್ನು ಜಪಾನಿನವರು ಮೊಟಕುಗೊಳಿಸಿ ಕಟ್ಟಿದ ಹೆಸರಿದು. ‘ಜೇಬಿನೊಳಗಿನ ಭೂತ’ ಎಂದು ನಾವು ಹೇಳಬಹುದು. ಮೊದಲ ಎರಡು ಆಟಗಳು, ಕೆಂಪು ಮತ್ತು ಹಸಿರು ಎಂಬ ಹೆಸರಿನವು, ೧೯೯೬ನೆಯ ಫೆಬ್ರುವರಿ ೨೭ರಂದು ಜಪಾನಿನಲ್ಲಿ ಹೊರಬಿದ್ದವು. ಅವುಗಳ ಕರ್ತೃವಾದ ಸತೋಷಿ ತಾಜಿರಿ ಎಂಬವನು ಟೋಕಿಯೋ ನಗರದ ಹೊರವಲಯದ ಮಾಚಿದಾ ಎಂಬಲ್ಲಿ ಬೆಳೆದವನು. ಬಾಲ್ಯದಲ್ಲಿ ಹೊಲಗದ್ದೆ, ಹೊಂಡಗಳಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವುದು ಆತನಿಗೆ ಹುಚ್ಚುಹಿಡಿಸಿದ ಆಟವಾಗಿತ್ತು. ನಗರವು ಬೆಳೆಯುತ್ತ ಹೋದಂತೆ ಹೊಂಡಗಳು ಮುಚ್ಚಿಹೋದವು, ಗದ್ದೆಗಳ ಮೇಲೆ ಮನೆಗಳೆದ್ದವು. ತನಗೆ ದೊರೆತಿದ್ದ ಆ ಆನಂದವು ಮುಂದಿನ ಮಕ್ಕಳಿಗೂ ದೊರೆಯಲೆಂದು ಆತನು ಅದನ್ನು ಆಟದ ಯಂತ್ರದೊಳಗೆ ಇಳಿಸಿದನು. ನೆಲದಿಂದ ಹುಳುಗಳು ಕಣ್ಮರೆಯಾದುದರಿಂದ ಯಂತ್ರದಲ್ಲಿ ಭೂತಗಳು ಹುಟ್ಟಿದವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಇವುಗಳನ್ನು ಹಿಡಿಯುವ ಬಗೆ. ಪ್ರತಿಯೊಂದು ಪ್ರಾಣಿಗೂ ಆಟವನ್ನು ರಚಿಸಿದವರು ೩ರಿಂದ ೨೫೫ರ ವರೆಗಿನ ಒಂದು ಗುಪ್ತವಾದ ಅಂಕವನ್ನು ಕೊಟ್ಟಿರುವರು. ಅಂಕವು ದೊಡ್ಡದಿದ್ದಷ್ಟೂ ಪ್ರಾಣಿಯು ಸುಲಭವಾಗಿ ಸಿಗುವುದು. ಹುಲ್ಲಿನಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಕಂಬಳಿಹುಳು, ಗುಬ್ಬಿಯಂಥ ಹಕ್ಕಿ ಇವಕ್ಕೆ ೨೫೫. ಮ್ಯೂಟೂ ಎಂಬ ಮಹಾಭೂತಕ್ಕೆ ಕೇವಲ ೩. ೨೦೦೨ರ ಸುಮಾರಿನ ಆಟಗಳ ಲೆಕ್ಕದಂತೆ, ಪೂರ್ಣಬಲದಲ್ಲಿರುವ ಕಂಬಳಿಹುಳುವು ಸಾಧಾರಣ ಚೆಂಡಿಗೆ ಮೂರು ಸಲಕ್ಕೆ ಒಮ್ಮೆ ಸಿಕ್ಕೀತು. ೩ರ ಅಂಕದ ಪ್ರಾಣಿಯು ಸುಮಾರು ೨೫೦ ಸಲಕ್ಕೆ ಒಮ್ಮೆ. ಆದುದರಿಂದ ಅದರೊಡನೆ ಮೊದಲು ಕಾದಾಡಿ ಅದರ ಬಲವನ್ನು ಕುಗ್ಗಿಸಬೇಕು, ಸಾಧ್ಯವಾದರೆ ನಿದ್ದೆಗೆಡಹಬೇಕು. ಪ್ರಾಣವೊಂದೇ ಉಳಿಯುವಂತೆ ಬಲ ಕುಂದಿಸಿ ನಿದ್ದೆಯಲ್ಲಿ ಕೆಡಹಿದರೂ ಅದು ನಲ್ವತ್ತು ಚೆಂಡುಗಳಿಗೆ ಒಮ್ಮೆ ಸಿಕ್ಕರೆ ಸಿಕ್ಕಿತು. ಒಂದು ಹೊಡೆತ ಹೆಚ್ಚಾಯಿತೋ, ಪ್ರಾಣಿಯು ಮೂರ್ಛೆಹೋಗುವುದು, ಮೂರ್ಛೆಹೋದುದನ್ನು ಹಿಡಿಯಲಾಗದು. ಹೀಗೆ ಬೇಟೆಗಾರನು ತನ್ನ ಬಲವನ್ನು ತಾನೇ ತಡೆಹಿಡಿಯಬೇಕಾಗುತ್ತದೆ.

ದೌರ್ಬಲ್ಯವಲ್ಲದೆ ಬೇರೆ ಬಗೆಯ ಕಷ್ಟಗಳೂ ಇವೆ. ಆಬ್ರಾ ಎಂಬ ಪ್ರಾಣಿಯು ಹಿಡಿಯಲು ಸುಲಭವೇ. ಆದರೆ ಕಂಡೊಡನೆಯೇ ಅದು ಮಾಯವಾಗುವುದು. ೧೯೯೯ರ ಆಟಗಳಲ್ಲಿ ಮೂರು ಮಹಾಮೃಗಗಳು ದೇಶದ ತುಂಬ ಅಲೆಯುತ್ತಿದ್ದು, ಎದುರಿಗೆ ಬಂದರೂ ಕ್ಷಣದಲ್ಲಿ ಓಡಿಹೋಗುತ್ತಿದ್ದವು. ೨೦೦೨ರ ಆಟದಲ್ಲಿ ಫೀಬಾಸ್ ಎಂಬ ಕುರೂಪಿ ಮೀನೊಂದು ಒಂದು ಉದ್ದನೆಯ ಹೊಳೆಯ ಆರೇ ಆರು ಚೌಕಗಳಲ್ಲಿ ಮಾತ್ರ ಗಾಳಕ್ಕೆ ಬೀಳುತ್ತಿತ್ತು. ಬಣ್ಣ ಬದಲಾದ ಪ್ರಾಣಿಗಳು ಮೊದಲು ೮,೧೯೨ ಸಲಕ್ಕೆ ಒಮ್ಮೆ ಕಾಣುತ್ತಿದ್ದುವು. ೨೦೧೩ರಿಂದ ೪,೦೯೬ಕ್ಕೆ ಒಮ್ಮೆ ಎಂದು ಸಡಿಲಿಸಿದರು. ಮ್ಯೂ ಎಂಬುದನ್ನಂತೂ ರಚಕರಲ್ಲೊಬ್ಬನು ಕೊನೆಯ ಗಳಿಗೆಯಲ್ಲಿ ಗುಟ್ಟಾಗಿ ಒಳಗೆ ಸೇರಿಸಿದನು. ಆಟದ ನೇರ ಹಾದಿಯಲ್ಲಿ ಅದು ಯಾರಿಗೂ ಸಿಗುವಂತಿರಲಿಲ್ಲ. ೧೯೯೬ರಲ್ಲಿ ಜಪಾನಿನ ಮಕ್ಕಳ ಪತ್ರಿಕೆಯೊಂದರ ಮೂಲಕ ಅದನ್ನು ಮೊದಲು ಹಂಚಿದಾಗ ದೊರೆತದ್ದು ೨೦ ಮಂದಿಗೆ ಮಾತ್ರ.

ಎಲ್ಲಕ್ಕಿಂತಲೂ ನನಗೆ ಹಿಡಿಸಿದ್ದು ಮೊದಲನೆಯ ಆಟದ ‘ಸಫಾರಿ’ ಎಂಬ ಕಾಪಿಟ್ಟ ಅಡವಿಯ ನಿಯಮ. ಅಲ್ಲಿ ಕಾದಾಟವಿಲ್ಲ. ೩೦ ಚೆಂಡುಗಳು, ೫೦೦ ಹೆಜ್ಜೆಗಳು. ಅಷ್ಟರೊಳಗೆ ಬೇಟೆ ಮುಗಿಯಬೇಕು. ಕಲ್ಲೆಸೆದರೆ ಪ್ರಾಣಿಯು ಚೆಂಡಿಗೆ ಬೇಗ ಸಿಗುವುದು, ಆದರೆ ಸಿಟ್ಟಿಗೆದ್ದು ಓಡಿಹೋಗುವ ಭಯ ಹೆಚ್ಚು. ಮೇವೆಸೆದರೆ ನಿಂತುಕೊಳ್ಳುವುದು, ಆದರೆ ಚೆಂಡಿಗೆ ಸಿಗುವುದು ಕಷ್ಟ. ಕಲ್ಲೋ ಮೇವೋ ಎಂಬ ಈ ಸಂದಿಗ್ಧವು ಬೇಟೆಯಷ್ಟೇ ಹಳೆಯದು. ಗೌಜಲಕ್ಕಿಯನ್ನು ಹಿಡಿಯುವ ನಮ್ಮ ಹಳೆಯ ಬೇಟೆಗಾರರು ಪಂಜರದಲ್ಲಿ ಸಾಕಿದ ಹಕ್ಕಿಯನ್ನು ಹೊಲದಲ್ಲಿಟ್ಟು, ಅದರ ಕೂಗಿಗೆ ಬಂದ ಕಾಡುಹಕ್ಕಿಯು ಉರುಲಿಗೆ ಸಿಕ್ಕುವ ವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬೆದರಿಸಿದರೆ ಹೋಯಿತು, ಕಾದರೆ ಬಂದರೂ ಬಂದೀತು.

ನಮ್ಮ ಹುಡುಗನು ಆಡುತ್ತಿದ್ದುದು ಈ ವಂಶದ ಈಚಿನ ಕುಡಿಯಾದ ‘ಪೋಕೆಮಾನ್ ಗೋ’. ೨೦೧೬ರ ಜುಲೈಯಲ್ಲಿ ಇದು ಅಮೇರಿಕೆ ಮುಂತಾದ ಕಡೆಗಳಲ್ಲಿ ಹೊರಟಿತು. ನಮ್ಮ ದೇಶಕ್ಕೆ ಅದೇ ವರ್ಷದ ಡಿಸೆಂಬರಿನಲ್ಲಿ ಜಿಯೋ ಸಂಸ್ಥೆಯ ಸಹಯೋಗದಿಂದ ಬಂದಿತು. ಇದರಲ್ಲಿ ಆಡುವವನು ಕುಳಿತಲ್ಲಿಯೇ ಕುಳಿತಿರುವಂತಿಲ್ಲ. ನಿಜವಾದ ನೆಲದ ಮೇಲೆ ನಿಜವಾಗಿ ನಡೆಯಬೇಕು. ೨, ೫, ೧೦ ಕಿ.ಮೀ. ನಡೆದರೆ ಮಾತ್ರ ಒಡೆಯುವ ಮೊಟ್ಟೆಗಳುಂಟು. ಕೆಲವು ಪ್ರಾಣಿಗಳಿಗೆ ದೇಶದ ಕಟ್ಟಳೆಯೂ ಉಂಟು: ಒಂದು ಉತ್ತರ ಅಮೇರಿಕೆಯಲ್ಲಿ, ಒಂದು ಆಸ್ಟ್ರೇಲಿಯದಲ್ಲಿ, ಒಂದು ಯುರೋಪಿನಲ್ಲಿ ಮಾತ್ರ ಸಿಗುವಂತೆ ನೇಮಿಸಿದ್ದರು. ಆದರೆ ಆಟದ ಸರಕು ದೊರೆಯುವ ತಾಣಗಳು ಗುಡಿ, ಪುತ್ಥಳಿ, ಉದ್ಯಾನ ಮುಂತಾಗಿ ಹಿಂದಿನ ಆಟಗಾರರು ಗುರುತಿಸಿ ಕಳಿಸಿದ ಸ್ಥಳಗಳೇ ಆದುದರಿಂದ, ಆಟಗಾರರು ಹೆಚ್ಚಾಗಿದ್ದ ಮಹಾನಗರಗಳಲ್ಲಿ ಅವು ಹೆಜ್ಜೆಗೊಂದು, ಹಳ್ಳಿಗಾಡಿನಲ್ಲಿ ಅಪರೂಪ. ಬೆಂಗಳೂರಿನ ಹುಡುಗನು ಉದ್ಯಾನವೊಂದನ್ನು ಸುತ್ತಿ ಗಳಿಸುವುದನ್ನು ಬಯಲುಸೀಮೆಯ ಹುಡುಗನು ಊರೆಲ್ಲ ತಿರುಗಿಯೂ ಗಳಿಸಲಾರನು. ಆಟದೊಳಗೂ ಹಳ್ಳಿಗೆ ಬರಗಾಲವೇ!

ಇಲ್ಲಿ ಗೃಹಸ್ಥರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆನು. ೨೫೦ಕ್ಕೆ ಒಮ್ಮೆ ಎಂದರೆ ೨೫೦ ಸಲ ಎಸೆದವನಿಗೆ ಸಿಕ್ಕೇ ಸಿಗುವುದೆಂದು ಮಕ್ಕಳು ತಿಳಿಯುವರು. ಲೆಕ್ಕವು ಹಾಗಿಲ್ಲ. ಚೆಂಡಿಗೆ ಹಿಂದಿನ ಸೋಲಿನ ನೆನಪಿರುವುದಿಲ್ಲ. ೨೫೦ ಸಲ ಎಸೆದ ಮೂವರಲ್ಲಿ ಒಬ್ಬನಾದರೂ ಬರಿಗೈಯಲ್ಲಿಯೇ ಉಳಿಯುವನು. ಇಂಥ ಆಟಗಳಲ್ಲಿ ಹಣಕ್ಕೆ ಚೆಂಡುಗಳನ್ನು ಮಾರುವ ಏರ್ಪಾಡೂ ಇರುವುದರಿಂದ, “ಇನ್ನೊಂದೇ ಸಲ” ಎಂಬ ಆಸೆಯು ತಂದೆಯ ಕಿಸೆಯ ವರೆಗೆ ಬರುವುದು. ಜಪಾನಿನಲ್ಲಿಯೇ ಹಣ ತೆತ್ತು ಚೀಟಿಯೆತ್ತುವಂತೆ ವಸ್ತುಗಳನ್ನು ಪಡೆದು ಒಂದು ಜೊತೆಯನ್ನು ಪೂರ್ತಿಗೊಳಿಸುವ ಬಗೆಯ ಆಟಗಳನ್ನು ೨೦೧೨ರಲ್ಲಿ ಕಾಯಿದೆಗೆ ವಿರುದ್ಧವೆಂದು ಸರಕಾರವು ಸಾರಬೇಕಾಯಿತು. ಚೆಂಡು ತೀರಿದರೆ ನಾಳೆ ಆಡು ಎಂಬ ನಿಯಮವನ್ನು ಮನೆಯಲ್ಲಿ ಹಾಕಿಕೊಳ್ಳುವುದು ಕ್ಷೇಮಕರ.

ಹಾಗೆಂದು ಬೇಟೆಯ ಚಪಲವೇ ಹೊಸದೆಂದು ಯಾರೂ ತಿಳಿಯಬಾರದು. ನರೇಗಲ್ಲಿನ ಹಳಮೆಯೇ ಇದಕ್ಕೆ ಸಾಕ್ಷಿ. ಕ್ರಿ.ಶ. ೯೫೦ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಗಂಗವಂಶದ ಬೂತುಗನ ರಾಣಿಯಾದ ಪದ್ಮಬ್ಬರಸಿಯು ಇಲ್ಲಿ ಒಂದು ಬಸದಿಯನ್ನು ಕಟ್ಟಿಸಿದಳು. ರಾಷ್ಟ್ರಕೂಟರ ಕಾಲದ ದೊಡ್ಡ ಕಟ್ಟಡಗಳಲ್ಲಿ ಅದು ಎಣಿಕೆಗೆ ಬರುವಂಥದು. ಅಹಿಂಸೆಯೇ ಪರಮಧರ್ಮವೆಂದು ಸಾರುವ ಮತಕ್ಕೆ ರಾಣಿಯು ಹೀಗೆ ಕಾಣಿಕೆ ಸಲ್ಲಿಸಿದ ಆ ಕಾಲಕ್ಕೇ ಸೇರಿದ ಇನ್ನೊಂದು ಕಲ್ಲು ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗನ ಕಡೆಯ ವೀರನೊಬ್ಬನು ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಮೆಚ್ಚುಗೆಯಾಗಿ ಹೊನ್ನನ್ನು ಬೇಡದೆ ‘ಕಾಳಿ’ ಎಂಬ ಬೇಟೆಯ ನಾಯಿಯನ್ನು ಒಡೆಯನಿಂದ ಬೇಡಿ ಪಡೆದನು. ಆ ನಾಯಿಯು ದೊಡ್ಡದೊಂದು ಕಾಡುಹಂದಿಯೊಡನೆ ಕಾದಾಡಿ, ಎರಡೂ ಮಡಿದುವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲದು. ಒಂದೇ ಅರಸುಮನೆಯ ನೆರಳಿನಲ್ಲಿ ಜೀವದಯೆಯ ಬಸದಿಯೂ ಬೇಟೆನಾಯಿಯ ವೀರಗಲ್ಲೂ ಎದ್ದುವು.

ಮುಂದೆ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಬೇಟೆಗೂ ಮೀನು ಹಿಡಿಯುವುದಕ್ಕೂ ಪ್ರಕರಣಗಳನ್ನೇ ಮೀಸಲಿಟ್ಟನು. ಯಾವ ಮೀನು ಎಲ್ಲಿರುವುದು, ಯಾವುದಕ್ಕೆ ಯಾವ ಮೇವು ಹಿಡಿಸುವುದು ಎಂಬುದನ್ನು ಅರಸನು ಬಲು ಸೂಕ್ಷ್ಮವಾಗಿ ಹೇಳುವನು. ಕೈಗೆ ಸುಲಭವಾಗಿ ಸಿಗದುದಕ್ಕೇ ಕೈಚಾಚುವುದು ಮನುಷ್ಯನ ಸ್ವಭಾವ. ನಮ್ಮ ಹುಡುಗನು ಅಂಗಳದಲ್ಲಿ ಚೆಂಡು ಚಿಮ್ಮುವಾಗ ಚಾಲುಕ್ಯ ಚಕ್ರವರ್ತಿಯ ಮಾರ್ಗದಲ್ಲಿಯೇ ಇರುವನು.

ಹಾಗಾದರೆ ಈ ಬಯಲಿನ ನಿಜವಾದ ಅಪೂರ್ವ ಪ್ರಾಣಿಗಳು ಯಾವುವು? ಅವುಗಳನ್ನು ನೋಡಲು ಊರಾಚೆಗೆ ನಡೆಯಬೇಕು. ಗದಗ-ಕೊಪ್ಪಳ ಸೀಮೆಯ ಎರೆಹೊಲಗಳಲ್ಲಿ ಇಂದಿಗೂ ಚಿಗರಿಗಳುಂಟು. ಪೈರು ಮೇಯುವುವೆಂದು ರೈತರು ಅವುಗಳನ್ನು ಶಪಿಸುವುದೂ ಉಂಟು. ನೆರೆಯ ಕೊಪ್ಪಳ ಜಿಲ್ಲೆಯ ಕುರುಚಲು ಗುಡ್ಡಗಳಲ್ಲಿ ತೋಳಗಳಿವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ೨೦೨೫ರಲ್ಲಿ ತೋಳಗಳಿಗಾಗಿಯೇ ಒಂದು ಅಭಯಧಾಮವು ಸ್ಥಾಪಿತವಾಯಿತು. ಇತ್ತ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಗಟ್ಟಿ ಬರುವುವು. ಹಿಮಾಲಯದ ಆಚೆಯ ಟಿಬೆಟ್ಟು, ಮಂಗೋಲಿಯಗಳಲ್ಲಿ ಮರಿಮಾಡಿ, ಆ ಪರ್ವತರಾಜನನ್ನೇ ಹಾರಿ ದಾಟಿ ನಮ್ಮ ಎರೆಯ ಕಡಲೆಯನ್ನು ಮೇಯಲು ಬರುವ ಅತಿಥಿಗಳಿವು. ೨೦೨೪ರಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ತ್ವದ ಜಲಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು.

ಈ ಹೆಬ್ಬಾತುಗಳನ್ನೂ ಹಿಡಿಯುವವರುಂಟು. ಆದರೆ ಅವರು ಬೇಟೆಗಾರರಲ್ಲ, ವಿಜ್ಞಾನಿಗಳು. ಎತ್ತರದಲ್ಲಿ ಹಾರುವ ಈ ಹಕ್ಕಿಯನ್ನು ಹಿಡಿಯುವುದೆಂತು? ವರ್ಷಕ್ಕೊಮ್ಮೆ, ಬೇಸಗೆಯ ನಡುವೆ, ಇವುಗಳ ಹಳೆಯ ರೆಕ್ಕೆಗರಿಗಳು ಉದುರಿ ಹೊಸವು ಮೂಡುವ ವರೆಗೆ ಕೆಲವು ವಾರ ಇವು ಹಾರಲಾರವು. ಆ ಒಂದು ದುರ್ಬಲಕಾಲವನ್ನು ಕಾದು ಮಂಗೋಲಿಯದ ಸರೋವರಗಳಲ್ಲಿ ಇವುಗಳನ್ನು ಮೆಲ್ಲನೆ ಬಲೆಯ ಕಡೆಗೆ ಅಟ್ಟಿ, ಕೊರಳಿಗೆ ಅಂಕೆಯುಳ್ಳ ಪಟ್ಟಿಯನ್ನು ತೊಡಿಸಿ ಬಿಟ್ಟುಬಿಡುವರು. ಅಂಥ ಪಟ್ಟಿ ತೊಟ್ಟ ಹಕ್ಕಿಗಳನ್ನು ಕರ್ನಾಟಕದ ಕೆರೆಗಳಲ್ಲಿ ನಮ್ಮ ಹಕ್ಕಿಪ್ರಿಯರು ದೂರದರ್ಶಕದಿಂದ ಓದಿ ಗುರುತಿಸಿರುವರು. ಆಟದಲ್ಲಿ ಬಲ ಕುಗ್ಗಿದಾಗ ಹಿಡಿಯುವ ಉಪಾಯವೇ ಇಲ್ಲಿಯೂ ಇದೆ. ಆದರೆ ಇವರು ಹಿಡಿಯುವುದು ಇಟ್ಟುಕೊಳ್ಳುವುದಕ್ಕಲ್ಲ.

ಇನ್ನು ಈ ನೆಲದ ಎಲ್ಲಕ್ಕಿಂತ ದುರ್ಲಭವಾದ ಪ್ರಾಣಿಯ ಮಾತು. ಮೂರಡಿಗೂ ಮಿಕ್ಕ ಎತ್ತರ, ಗಂಡಾದರೆ ೧೫ ಕಿಲೋಗ್ರಾಮಿನ ವರೆಗೆ ತೂಕ, ಕರಿಯ ಟೊಪ್ಪಿಗೆ, ಬೆಳ್ಳನೆಯ ಕೊರಳು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲೊಂದು. ಇಂಗ್ಲಿಷಿನವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದ ಈ ಹಕ್ಕಿಗೆ ಕನ್ನಡದಲ್ಲಿ ಹೆಬ್ಬಕವೆಂದೂ ಬಯಲುಸೀಮೆಯಲ್ಲಿ ಎರೆಭೂತವೆಂದೂ ಹೆಸರುಗಳುಂಟು. ಕರಿಯ ಎರೆಯ ಬಯಲಿನಲ್ಲಿ ದೂರದಿಂದ ಆಳೆತ್ತರವಾಗಿ ಕಂಡು, ಹತ್ತಿರ ಹೋದರೆ ಹುಲ್ಲಿನಲ್ಲಿ ಮಾಯವಾಗುವ ಪ್ರಾಣಿಗೆ ನಮ್ಮ ಹಿರಿಯರು ಕೊಟ್ಟ ಈ ಹೆಸರು ಎಷ್ಟು ಒಪ್ಪುವುದು! ಜಪಾನಿನವರ ಭೂತವು ಜೇಬಿನಲ್ಲಿದ್ದರೆ, ನಮ್ಮದು ಎರೆಯಲ್ಲಿತ್ತು.

ಇತ್ತು ಎಂದೇ ಹೇಳಬೇಕಾಗಿದೆ. ದಖ್ಖಣದ ಹುಲ್ಲುಬಯಲುಗಳೆಲ್ಲ ಒಂದು ಕಾಲಕ್ಕೆ ಇದರ ನೆಲೆಯಾಗಿದ್ದುವು. ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಉಳಿದಿರುವುದನ್ನು ಬಿಟ್ಟರೆ ಬೇರೆಡೆ ಕಾಣುವುದು ದುಸ್ತರ. ಇಡಿಯ ಭೂಮಂಡಲದಲ್ಲಿ ಇನ್ನೂರೂ ಇರಲಾರವೆಂದು ಎಣಿಕೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. ೨೦೧೧ರಿಂದ ಇದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಸಾಲಿನಲ್ಲಿದೆ.

ಈ ದುರ್ಲಭತೆಯ ಅಂಕವನ್ನು ಇದಕ್ಕೆ ಕೊಟ್ಟವರು ಯಾರು? ಜೇಬಿನ ಭೂತಕ್ಕೆ ೩ ಎಂಬ ಅಂಕವನ್ನು ರಚಕನೊಬ್ಬನು ಮೇಜಿನ ಮುಂದೆ ಕುಳಿತು ಬರೆದನು. ಆಟದ ಸ್ವಾರಸ್ಯಕ್ಕಾಗಿ ಬರೆದನು. ಬೇಕೆಂದರೆ ನಾಳೆ ೩೦ ಎಂದು ತಿದ್ದಬಲ್ಲನು. ಎರೆಯ ಭೂತದ ಅಂಕವನ್ನು ಬರೆದವರು ನಾವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷನೊಬ್ಬನೇ ಅಹಮದನಗರ ಪ್ರಾಂತದಲ್ಲಿ ಸುಮಾರು ೨೦ ವರ್ಷಗಳಲ್ಲಿ ೯೬೧ ಹೆಬ್ಬಕಗಳನ್ನು ಹೊಡೆದನು. ಇಂದು ಜಗತ್ತಿನಲ್ಲಿ ಉಳಿದಿರುವುದರ ಅನೇಕ ಪಾಲು ಅದು! ಬೇಟೆಯ ಮೇಲೆ ನೇಗಿಲು ಬಂದಿತು: ಹುಲ್ಲುಗಾವಲುಗಳನ್ನು ‘ಬೀಳು’ ಎಂದು ಬಗೆದು ಉತ್ತೆವು. ಈ ಹಕ್ಕಿಯು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದನ್ನೂ ಬರಿಯ ನೆಲದ ಮೇಲೆ, ಇಡುವುದು; ಕುರಿಯ ಗೊರಸು, ನಾಯಿಯ ಬಾಯಿ ಎರಡಕ್ಕೂ ಅದು ಸುಲಭವಾದ ತುತ್ತು. ಕೊನೆಗೆ ತಂತಿಗಳು ಬಂದುವು. ಹೆಬ್ಬಕದ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಮುಂದಿನದು ಅದಕ್ಕೆ ಚೆನ್ನಾಗಿ ಕಾಣದು. ಭಾರವಾದ ಮೈಯನ್ನು ತಟ್ಟನೆ ತಿರುಗಿಸಲೂ ಬಾರದು. ರಾಜಸ್ಥಾನ, ಗುಜರಾತಗಳಲ್ಲಿ ವಿದ್ಯುತ್ತಂತಿಗಳಿಗೆ ಬಡಿದು ಅನೇಕ ಹಕ್ಕಿಗಳು ಸತ್ತುವು. ಅಲ್ಲಿಯ ತಂತಿಗಳನ್ನು ಸಾಧ್ಯವಿದ್ದಲ್ಲಿ ನೆಲದಡಿಗೆ ಇಳಿಸಬೇಕೆಂದು ಸುಪ್ರೀಮ್ ಕೋರ್ಟು ೨೦೨೧ರಲ್ಲಿ ಆಜ್ಞಾಪಿಸಿತು. ಸೂರ್ಯನ ಮತ್ತು ಗಾಳಿಯ ವಿದ್ಯುತ್ತೂ ದೇಶಕ್ಕೆ ಬೇಕೆಂಬ ವಾದವನ್ನು ಕೇಳಿ ೨೦೨೪ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ನರೇಗಲ್ಲಿನ ಬಯಲಿನಲ್ಲಿ ತಿರುಗುವ ರೆಕ್ಕೆಗಳ ಕೆಳಗೆ ನಿಂತಾಗ ಈ ವ್ಯಾಜ್ಯದ ಎರಡೂ ಪಕ್ಷಗಳು ಮನಸ್ಸಿಗೆ ಬರದೆ ಇರವು. ಗಾಳಿಯಿಂದ ದೀಪವುರಿಸುವುದು ಒಳ್ಳೆಯ ಕೆಲಸವೇ. ಆದರೆ ಆಕಾಶದಲ್ಲಿಯೂ ದಾರಿಗಳಿವೆಯೆಂಬುದನ್ನು ನಾವು ತಡವಾಗಿ ಕಲಿತೆವು.

ಇಂದು ಎರೆಭೂತವನ್ನಾಗಲಿ ಚಿಗರಿಯನ್ನಾಗಲಿ ತೋಳವನ್ನಾಗಲಿ ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಂತೆ ಅಪರಾಧವಾಗಿದ್ದು, ಮೂರು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆಗೆ ಕಾರಣವಾಗುವುದು. ಆದರೂ ಒಂದು ಬಗೆಯ ಹಿಡಿತವು ಸರಕಾರದ ಒಪ್ಪಿಗೆಯಿಂದಲೇ ನಡೆದಿದೆ. ೨೦೧೯ರಿಂದ ಜೈಸಲ್ಮೇರ್ ಜಿಲ್ಲೆಯಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರೂ ಅರಣ್ಯ ಇಲಾಖೆಯವರೂ ಈ ಹಕ್ಕಿಯ ಮೊಟ್ಟೆಗಳನ್ನು ಬಯಲಿನಿಂದ ಎತ್ತಿ ತಂದು, ಶಾಖಕೊಟ್ಟು ಮರಿಮಾಡಿಸಿ, ಕೈಯಾರೆ ಸಾಕುತ್ತಿರುವರು. ೨೦೨೪ರಲ್ಲಿ ಅ‍ಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿಯು ಹುಟ್ಟಿತು. ಈ ಕುಲವನ್ನು ಮತ್ತೆ ಬಯಲಿಗೆ ಬಿಡುವುದೇ ಅವರ ಉದ್ದೇಶ. ಆಟದ ಮಹಾಭೂತಕ್ಕೆ ನಲ್ವತ್ತು ಚೆಂಡುಗಳನ್ನು ಎಸೆಯುವ ತಾಳ್ಮೆಯು ಇವರ ತಾಳ್ಮೆಯ ಮುಂದೆ ಏನೂ ಅಲ್ಲ. ಏಕೆಂದರೆ ಇಲ್ಲಿ ಒಂದು ಮೊಟ್ಟೆಯು ಒಡೆದರೆ ಆಟವನ್ನು ಮೊದಲಿನಿಂದ ಆರಂಭಿಸುವಂತಿಲ್ಲ.

ಇದರಿಂದ ಅಜ್ಜಿಯ ಪ್ರಶ್ನೆಗೆ ಉತ್ತರವು ತಾನೇ ದೊರೆಯುವುದೆಂದು ನನಗೆ ತೋರುತ್ತದೆ. ಹಿಡಿದುದನ್ನು ಏನು ಮಾಡುವುದು? ಪಟ್ಟಿಯಲ್ಲಿ ಬರೆದುಕೊಳ್ಳುವುದು. ಮೊಮ್ಮಗನ ಮಾತು ಹಗುರವಾದುದಲ್ಲ. ಪೋಕೆಮಾನ್ ಆಟದ ಆರಂಭದಲ್ಲಿ ವೃದ್ಧ ಪಂಡಿತನೊಬ್ಬನು ಹುಡುಗನ ಕೈಗೆ ಒಂದು ಖಾಲಿ ಕೋಶವನ್ನು ಕೊಟ್ಟು, ಲೋಕದ ಪ್ರಾಣಿಗಳನ್ನೆಲ್ಲ ಇದರಲ್ಲಿ ದಾಖಲಿಸೆಂದು ಕಳಿಸುವನು; ಚೆಂಡುಗಳೆಲ್ಲ ಆ ಕೋಶವನ್ನು ತುಂಬುವುದಕ್ಕೆ ಸಾಧನಗಳು. ಹುಳುಗಳನ್ನು ಕಳೆದುಕೊಂಡ ಮಾಚಿದಾದ ಬಾಲಕನು ಕಟ್ಟಿದ ಆಟದಲ್ಲಿ ಜ್ಞಾನದ ಹಸಿವು ಇರುವುದು ಸಹಜವೇ. ಆ ಹಸಿವನ್ನು ತೆರೆಯಿಂದ ಬಯಲಿಗೆ ತಿರುಗಿಸುವ ಕೆಲಸವು ಹಿರಿಯರದು. ಮಕ್ಕಳ ಕೈಯಿಂದ ಯಂತ್ರವನ್ನು ಕಿತ್ತುಕೊಂಡರೆ ಸಿಟ್ಟುಗೊಂಡು ಓಡುವರು. ಸಫಾರಿಯ ನಿಯಮವನ್ನು ತಂದೆತಾಯಿಗಳೂ ಕಲಿಯಬೇಕು.

ಚಳಿಗಾಲದಲ್ಲಿ ಈ ಕಡೆಗೆ ಬರುವ ಕುಟುಂಬಗಳಿಗೆ ನನ್ನ ಸೂಚನೆಯಿಷ್ಟು. ನರೇಗಲ್ಲನ್ನು ನೋಡಿ, ಒಂದು ದಿನವನ್ನು ಮಾಗಡಿಯ ಕೆರೆಗೆ ಮೀಸಲಿಡಿರಿ. ಗದಗದಿಂದ ಅದು ಸುಮಾರು ೨೬ ಕಿ.ಮೀ. ದೂರದಲ್ಲಿದೆ. ನವೆಂಬರಿನಿಂದ ಮಾರ್ಚಿಯ ವರೆಗೆ ಹಕ್ಕಿಗಳಿರುವುವು. ಬೆಳಗಿನ ಹೊತ್ತು ಒಳ್ಳೆಯದು. ದೂರದರ್ಶಕವೊಂದು, ಇನ್ನೂರು ಪುಟದ ಒಂದು ನೋಟುಪುಸ್ತಕ, ಬುತ್ತಿಗೆ ಜೋಳದ ರೊಟ್ಟಿ ಇಷ್ಟು ಜೊತೆಗಿರಲಿ. ಕೆರೆಯ ಏರಿಯ ಮೇಲೆ ಗದ್ದಲವಿಲ್ಲದೆ ಕುಳಿತು, ಕಂಡ ಹಕ್ಕಿಯ ಹೆಸರು, ತಿಥಿ, ಎಣಿಕೆ ಇವನ್ನು ಮಕ್ಕಳಿಂದಲೇ ಬರೆಯಿಸಿರಿ. ಹೆಬ್ಬಾತುಗಳ ಕೊರಳುಗಳನ್ನು ಒಂದೊಂದಾಗಿ ನೋಡಲು ಹೇಳಿರಿ. ಅಂಕೆಯ ಪಟ್ಟಿಯುಳ್ಳ ಹಕ್ಕಿ ಯಾವ ದಿನ ಕಣ್ಣಿಗೆ ಬೀಳುವುದೋ ಹೇಳಲಾಗದು. ನೂರು ಸಲ ನೋಡಿದರೂ ಸಿಗಲಿಕ್ಕಿಲ್ಲ, ಮೊದಲ ನೋಟಕ್ಕೇ ಸಿಕ್ಕರೂ ಸಿಗಬಹುದು. ಅದರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.